ಕಂಟ್ರೋಲ್ ಕಂದು, ರೋಗಿಯ ಸ್ಲೈಡ್ ನೀಲಿ

ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂಬುದು, ಪ್ರಯೋಗಾಲಯದವರ ಬಾಯಲ್ಲಿ ಬರಿಯ ಐಎಚ್‌ಸಿ, ಅಂಗಾಂಶದ ತೆಳುಪದರದಲ್ಲಿ ಒಂದು ನಿರ್ದಿಷ್ಟ ಪ್ರೋಟೀನ್ ಇದೆಯೇ ಇಲ್ಲವೇ ಎಂಬುದನ್ನು ಅದಕ್ಕೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯದ, ಅಂದರೆ ಆ್ಯಂಟಿಬಾಡಿಯ, ನೆರವಿನಿಂದ ಬಣ್ಣದಲ್ಲಿ ಕಾಣಿಸುವ ವಿಧಾನ. ಪ್ರೋಟೀನ್ ಇರುವಲ್ಲಿ ಡಿಎಬಿ ಎಂಬ ರಾಸಾಯನಿಕ ಕಂದುಗಟ್ಟುತ್ತದೆ. ಇಲ್ಲದಲ್ಲಿ ಹೆಮಟಾಕ್ಸಿಲಿನ್‌ನ ನೀಲಿಯಷ್ಟೇ ಉಳಿಯುತ್ತದೆ. ತೊಡಕೆಲ್ಲ ಈ ನೀಲಿಯಲ್ಲಿದೆ. ಪ್ರೋಟೀನ್ ನಿಜಕ್ಕೂ ಇಲ್ಲದಿದ್ದರೂ ನೀಲಿ, ಪ್ರತಿಕಾಯ ಹಳಸಿದ್ದರೂ ನೀಲಿ, ಅಂಗಾಂಶ ಸರಿಯಾಗಿ ಬೇಯದಿದ್ದರೂ ನೀಲಿಯೇ. ಆದ್ದರಿಂದ ಆ ಪ್ರೋಟೀನ್ ಇದೆಯೆಂದು ಮೊದಲೇ ಖಚಿತವಾಗಿರುವ ತುಂಡೊಂದನ್ನು ರೋಗಿಯ ಅಂಗಾಂಶದ ಜೊತೆಗೇ ಎಲ್ಲ ಹಂತಗಳಲ್ಲಿಯೂ ಹಾಯಿಸಿ, ಅದು ಕಂದಾಗಿದ್ದರೆ ಮಾತ್ರ ರೋಗಿಯ ನೀಲಿಯನ್ನು ನಂಬುವುದು ಪದ್ಧತಿ. ಆ ತುಂಡಿಗೆ ಕಂಟ್ರೋಲ್ ಟಿಶ್ಯೂ ಎಂದು ಹೆಸರು.

ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ 1997ರಿಂದ 2005ರವರೆಗೆ ಇದೇ ವಿಧಾನದಲ್ಲಿ ನಡೆದ ಸ್ತನ ಕ್ಯಾನ್ಸರಿನ ಹಾರ್ಮೋನ್ ಗ್ರಾಹಕ ಪರೀಕ್ಷೆಗಳಲ್ಲಿ 300ಕ್ಕೂ ಹೆಚ್ಚು ರೋಗಿಗಳ ಫಲಿತಾಂಶ ತಪ್ಪಾಗಿತ್ತೆಂದು ಮರುಪರೀಕ್ಷೆಯಲ್ಲಿ ತಿಳಿದು, ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮರಾನ್ ಅವರ ಆಯೋಗ 2009ರಲ್ಲಿ ವರದಿ ಕೊಟ್ಟದ್ದು ಈ ಕ್ಷೇತ್ರದವರೆಲ್ಲ ಬಲ್ಲ ಸಂಗತಿ. ಪ್ರಸ್ತುತ ಲೇಖಕನೂ ಅದನ್ನು ತರಬೇತಿಗೆ ಬಂದ ಹುಡುಗ ಹುಡುಗಿಯರಿಗೆ ದೂರದ ಊರಿನ ಕಥೆಯಂತೆ ವರ್ಷಗಟ್ಟಲೆ ಹೇಳುತ್ತ ಬಂದವನು.

ಆ ಲೇಖಕ ದುಡಿಯುತ್ತಿದ್ದ ಜಿಲ್ಲಾಕೇಂದ್ರವೊಂದರ ಪ್ರಯೋಗಾಲಯದಲ್ಲಿ ಕಂಟ್ರೋಲಿಗೆ ಪ್ರತ್ಯೇಕ ಸ್ಲೈಡ್ ಇರುತ್ತಿತ್ತು. ಒಂದು ಬ್ಯಾಚಿಗೆ ಒಂದೇ. ಅಂದು ಬಂದದ್ದು ಅರವತ್ತು ದಾಟಿದ ಮಹಿಳೆಯೊಬ್ಬರ ಸ್ತನದ ಸೂಜಿ ಬಯಾಪ್ಸಿ. ದಾರದಂಥ ಮೂರು ಎಳೆಗಳು. ಈಸ್ಟ್ರೋಜನ್ ಗ್ರಾಹಕ, ಅಂದರೆ ಇಆರ್, ನೋಡಬೇಕಿತ್ತು. ಫಾರ್ಮಲಿನ್‌ನಲ್ಲಿ ಬಿಗಿದುಕೊಂಡ ಪ್ರೋಟೀನು ಪ್ರತಿಕಾಯಕ್ಕೆ ಸಿಗುವಂತಾಗಲು ಸ್ಲೈಡುಗಳನ್ನು ಬಫರ್ ದ್ರಾವಣದಲ್ಲಿ ಮುಳುಗಿಸಿ ಪ್ರೆಷರ್ ಕುಕ್ಕರಿನಲ್ಲಿ ಬೇಯಿಸುವ ಹಂತಕ್ಕೆ ಆ್ಯಂಟಿಜನ್ ರಿಟ್ರೀವಲ್ ಎನ್ನುತ್ತಾರೆ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಗಿ, ಮುಚ್ಚಳದ ಅಂಚಿನಿಂದ ಆವಿ ಸೋರುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಬೇಯಿಸಿ ತೆರೆದಾಗ ಬಫರು ಸ್ಲೈಡುಗಳ ಅರ್ಧಕ್ಕೆ ಇಳಿದಿತ್ತು. ತಣ್ಣಗಾಗಲೆಂದು ಹಾಗೆಯೇ ಬಿಟ್ಟು ಮುಂದಿನ ಹಂತಕ್ಕೆ ಸಾಗಲಾಯಿತು.

ಸಂಜೆ ಮೈಕ್ರೋಸ್ಕೋಪಿನಡಿ ಕಂಟ್ರೋಲ್ ಸ್ಲೈಡು ಒಳ್ಳೆಯ ಕಾಫಿಯ ಬಣ್ಣದಲ್ಲಿ ಬಂದಿತ್ತು. ರೋಗಿಯ ಸ್ಲೈಡಿನಲ್ಲಿ ಮೇಲಿನೆರಡು ಎಳೆಗಳು ಪೂರ್ತಿ ನೀಲಿ. ಮೂರನೆಯ ಎಳೆಯ ಕೆಳತುದಿಯಲ್ಲಿ ಮಾತ್ರ ನಾಲ್ಕೈದು ಕೋಶಕೇಂದ್ರಗಳು ಮಸುಕು ಕಂದಾಗಿ ಕಂಡವು. ಲೇಖಕ ಅವನ್ನು ನೋಡಲಿಲ್ಲವೆಂದಲ್ಲ; ನೋಡಿ, ಹಿನ್ನೆಲೆಯ ಕಲೆಯೆಂದು ತೀರ್ಮಾನಿಸಿದ. ಅದಕ್ಕಿಂತ ದೊಡ್ಡ ಸಾಕ್ಷಿಯೂ ಅಲ್ಲಿಯೇ ಇತ್ತು. ಗೆಡ್ಡೆಯ ಪಕ್ಕದಲ್ಲಿ ಸಹಜ ಹಾಲುನಾಳವೊಂದಿದ್ದು, ಅಂಥ ನಾಳದ ಕೆಲವು ಕೋಶಗಳಾದರೂ ಇಆರ್‌ಗೆ ಕಂದಾಗಲೇಬೇಕು. ರೋಗಿಯ ಅಂಗಾಂಶದೊಳಗೇ ಸಿಗುವ ಇಂಥ ಸಾಕ್ಷಿಗೆ ಆಂತರಿಕ ಕಂಟ್ರೋಲ್ ಎಂದು ಹೆಸರು. ಆ ನಾಳವೂ ನೀಲಿಯಾಗಿತ್ತು. ಮರುದಿನ ಪೆಥಾಲಜಿಸ್ಟ್ ಫೋನಿನಲ್ಲಿ "ಕಂಟ್ರೋಲ್ ಸರಿಯಾಗಿದೆಯಾ?" ಎಂದು ಕೇಳಿದಾಗ, "ಚೆನ್ನಾಗಿ ಬಂದಿದೆ ಮೇಡಂ" ಎಂಬ ಉತ್ತರ ಹೋಯಿತು. ಉತ್ತರ ಸುಳ್ಳಾಗಿರಲಿಲ್ಲ. ವರದಿ ನೆಗೆಟಿವ್ ಎಂದೇ ಹೊರಟಿತು.

ಒಂಬತ್ತನೆಯ ದಿನ ಕ್ಯಾನ್ಸರ್ ವೈದ್ಯರಿಂದ ಕರೆ ಬಂತು. ಇಷ್ಟು ಸೌಮ್ಯ ದರ್ಜೆಯ ಗೆಡ್ಡೆ, ಈ ವಯಸ್ಸಿನಲ್ಲಿ, ಇಆರ್ ನೆಗೆಟಿವ್ ಆಗುವುದು ಅಪರೂಪ, ಇನ್ನೊಮ್ಮೆ ಮಾಡಿ ನೋಡಿ ಎಂದರು. ಕಿಮೋಥೆರಪಿಗೆ ದಿನ ಗೊತ್ತಾಗಿದೆಯೆಂದೂ ಹೇಳಿದರು. ಬಯಾಪ್ಸಿಯನ್ನು ಹುದುಗಿಸಿಟ್ಟ ಮೇಣದ ಬ್ಲಾಕಿನಿಂದ ಹೊಸ ಪದರ ಕೊಯ್ದು, ಬಫರನ್ನು ಕಣ್ಣಿಟ್ಟು ಕಾದು ಮಾಡಿದಾಗ ಹತ್ತು ಕೋಶಗಳಲ್ಲಿ ಎಂಟು ಕಂದಾದವು. ಶೇಕಡಾ 1ರಷ್ಟು ಕೋಶಗಳು ಕಂದಾದರೂ ಪಾಸಿಟಿವ್ ಎನ್ನಬೇಕಾದ ಪರೀಕ್ಷೆ ಇದು. ಪಾಸಿಟಿವ್ ಆದವರಿಗೆ ಕೊಡುವ, ಆ ಮಹಿಳೆಗೂ ಸಿಗಬೇಕಾಗಿದ್ದ, ಹಾರ್ಮೋನ್ ತಡೆಯುವ ಮಾತ್ರೆಯ ಚಿಕಿತ್ಸೆ ತಪ್ಪುವುದರಲ್ಲಿತ್ತು.

ಕಾರಣ ಎರಡೂ ಸ್ಲೈಡುಗಳನ್ನು ಅಕ್ಕಪಕ್ಕ ಹಿಡಿದಾಗ ತಿಳಿಯಿತು. ಕಂಟ್ರೋಲ್ ತುಂಡು ಗಾಜಿನ ಕೆಳಗಡೆ ಅಂಟಿತ್ತು, ರೋಗಿಯ ಎಳೆಗಳು ಲೇಬಲ್ಲಿನ ಹತ್ತಿರ, ಮೇಲುಗಡೆ. ಇಳಿದ ಬಫರಿನಲ್ಲಿ ಕಂಟ್ರೋಲ್ ಕೊನೆಯವರೆಗೆ ಮುಳುಗಿತ್ತು. ರೋಗಿಯದು ಮುಕ್ಕಾಲು ಪಾಲು ಹೊರಗಿತ್ತು. ಗ್ಯಾಸ್ಕೆಟ್ಟಿಗೆ ಎರಡು ಬಾರಿ ಬೇಡಿಕೆ ಪತ್ರ ಹೋಗಿದ್ದರೂ "ಅಡುಗೆಮನೆ ಸಾಮಾನು ಲ್ಯಾಬ್ ಲೆಕ್ಕಕ್ಕೆ ಬರುವುದಿಲ್ಲ" ಎಂದು ಹಿಂದಿರುಗಿಸಿದ ಸ್ಟೋರಿನ ಅಧಿಕಾರಿಯನ್ನು ಇಲ್ಲಿ ಸುಮ್ಮನೆ ಬಿಡುವುದು ಕಷ್ಟ. ಒಂದೇ ಸ್ಲೈಡಿನಲ್ಲಿ ಎರಡೂ ತುಂಡು ಕೂರಿಸಿ ಎಂದು ಕಿರಿಯ ಸಹೋದ್ಯೋಗಿ ಹಿಂದೆಯೇ ಹೇಳಿದ್ದಳು. ಇಷ್ಟು ವರ್ಷ ಹೀಗೇ ನಡೆದಿಲ್ಲವೇ ಎಂದು ಅವಳ ಬಾಯಿ ಮುಚ್ಚಿಸಿದ್ದು ಮಾತ್ರ ಈ ಲೇಖಕನೇ.

ಈಗ ಅಲ್ಲಿ ಪ್ರತಿ ರೋಗಿಯ ಸ್ಲೈಡಿನಲ್ಲಿಯೂ ಲೇಬಲ್ಲಿನ ಬದಿಗೇ ಕಂಟ್ರೋಲ್ ತುಂಡನ್ನು ಅಂಟಿಸಲಾಗುತ್ತದೆ, ಏಕೆಂದರೆ ಬಫರು ಇಳಿದರೆ ಮೊದಲು ಒಣಗುವುದು ಆ ತುಂಡೇ. ಗಾಢ ಕಂದಾಗುವ ಅಂಗಾಂಶ ಕಂಟ್ರೋಲಿಗೆ ಸಾಲದು, ಪರೀಕ್ಷೆ ಅರ್ಧ ಸೋತರೂ ಅದು ಕಂದಾಗಿಯೇ ಕಾಣುತ್ತದೆ. ಇಆರ್‌ಗೆ ಟಾನ್ಸಿಲ್‌ನಂಥ, ಕೆಲವೇ ಕೋಶಗಳು ಮಂದವಾಗಿ ಬಣ್ಣ ತಾಳುವ ಅಂಗಾಂಶವೂ ಬೇಕು. ಮೊದಲೇ ಕೊಯ್ದಿಟ್ಟ ಪದರಗಳು ದಿನ ಕಳೆದಂತೆ ಸತ್ವ ಕಳೆದುಕೊಳ್ಳುತ್ತವೆ, ಸ್ತನ ಕ್ಯಾನ್ಸರಿನಲ್ಲಿ ನೋಡುವ ಇನ್ನೊಂದು ಪ್ರೋಟೀನಾದ ಹೆಚ್‌ಇಆರ್2 ಪರೀಕ್ಷೆಗೆ ಆರು ವಾರ ದಾಟಿದವನ್ನು ಬಳಸಬಾರದು. ಉಳಿದದ್ದು ಪಠ್ಯಪುಸ್ತಕದಲ್ಲಿದೆ.

ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಬಂದದ್ದು ಇದಾದ ಮೂರು ವಾರಕ್ಕೆ, ಸ್ಟೋರಿನಿಂದಲ್ಲ, ಬಸ್‌ಸ್ಟ್ಯಾಂಡಿನೆದುರಿನ ಪಾತ್ರೆ ಅಂಗಡಿಯಿಂದ.