ಕೂತು ಲೆಕ್ಕ ಹಾಕಿರಿ
ಲೂಕ 14:28 ತೆಗೆಯಿರಿ. ಗೋಪುರ ಕಟ್ಟುವವನು ಮೊದಲು ಕೂತು ಲೆಕ್ಕ ಹಾಕ್ತಾನೆ. ನಾನು ಹಾಕಲಿಲ್ಲ. ನನ್ನ ಬೈಬಲ್ ಕಾಲೇಜಿನ ಫೀಸಿಗೆ ಅಮ್ಮ ಹರಿಹರದಲ್ಲಿ ಬಳೆ ಅಡವಿಟ್ಟರು. ಅವು ತಿರುಗಿ ಬರಲೇ ಇಲ್ಲ. ಕರ್ತನು ಒದಗಿಸ್ತಾನೆ ಅಂತ ನಾನು ಯಾರನ್ನೂ ಕೇಳಿರಲಿಲ್ಲ. ಅದು ವಿಶ್ವಾಸವಲ್ಲ, ನಾಚಿಕೆ.

ಕೇಳೋದು ತಪ್ಪಲ್ಲ. ಬೈಬಲ್ ಕಾಲೇಜಿಗೆ ಹೋಗುವವರು ಫೀಸು ರಿಯಾಯಿತಿ ಇದೆಯಾ ಅಂತ ಕಾಲೇಜಿನಲ್ಲೇ ಮೊದಲು ವಿಚಾರಿಸಿ. ಸಿಇಟಿ, ನೀಟ್‌ನಲ್ಲಿ ಸೀಟು ಸಿಕ್ಕ ಅಲ್ಪಸಂಖ್ಯಾತರಿಗೆ ಸರ್ಕಾರದ ‘ಅರಿವು’ ಸಾಲವಿದೆ. ಸೇವಾ ಶುಲ್ಕ ಶೇ. 2. ಕ್ರೈಸ್ತರೂ ಅದರಲ್ಲಿ ಸೇರ್ತಾರೆ.

ಆದರೆ ದಾವಣಗೆರೆಯಲ್ಲಿ ಅಂಗಡಿ ಇಟ್ಟಿರುವ ಅಪ್ಪನ ಆದಾಯವನ್ನು ನಾಡಕಚೇರಿಯಲ್ಲಿ ಕಡಿಮೆ ಬರೆಸಬೇಡಿ. ಸುಳ್ಳು ಪತ್ರ ಕೊಟ್ಟು ಪಡೆದ ಹಣಕ್ಕೆ ದೇವರಿಗೆ ಹೇಗೆ ಸ್ತೋತ್ರ ಹೇಳ್ತೀರಿ? ಕಡಿಮೆ ಬಿದ್ದರೆ ಸಭೆಗೆ ಹೇಳಿ. ನಾವಿದ್ದೇವೆ. ಆಮೆನ್.