ಕಿರುಗುಟ್ಟುವ ಪಿಯಾನೊ ತಂತಿ: ಹೊಸ ಟ್ಯೂನರ್‌ಗಳಿಗೆ 7 ಸೂತ್ರಗಳು

ಹೊಸ ತಂತಿ ಕಟ್ಟಿದ ಪಿಯಾನೊ. ಲಿವರ್ ತಿರುಗಿಸಿದ ಕೂಡಲೇ ‘ಕಿರ್ರ್’ ಅಂತ ಸದ್ದು. ಕೈ ತಾನಾಗಿ ನಿಂತುಬಿಡುತ್ತದೆ, ಅಲ್ಲವೇ? ಈ ಹಿಂಜರಿಕೆ ಒಂದು ಅಭ್ಯಾಸ ಅಷ್ಟೆ. ಇವತ್ತೇ ಬಿಡಿ. ತಂತಿ ಎಲ್ಲೋ ಸಿಕ್ಕಿಕೊಂಡು ಜಾರುತ್ತಿದೆ ಎಂದು ಆ ಸದ್ದು ನಿಮಗೆ ಹೇಳುತ್ತಿದೆ. ಸಿಕ್ಕಿಕೊಂಡು ಜಾರುವ ತಂತಿಯಲ್ಲಿ ಶ್ರುತಿ ನಿಲ್ಲುವುದಿಲ್ಲ. ಆದ್ದರಿಂದ ಸದ್ದನ್ನು ಸರಿಮಾಡಿದವನೇ ಶ್ರುತಿಯನ್ನೂ ನಿಲ್ಲಿಸಬಲ್ಲ.

1. ಸದ್ದು ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಿ.
ತಂತಿಯ ದಾರಿ ನೆನಪಿಡಿ: ಟ್ಯೂನಿಂಗ್ ಪಿನ್, ಫೆಲ್ಟ್, ಅಗ್ರಾಫ್ ಅಥವಾ ಪ್ರೆಷರ್ ಬಾರ್, ಬ್ರಿಡ್ಜ್, ಕೊನೆಗೆ ಹಿಚ್ ಪಿನ್. ಒಂದು ಕೈಯಲ್ಲಿ ಲಿವರ್ ಹಿಡಿಯಿರಿ, ಇನ್ನೊಂದು ಕೈಯ ಬೆರಳನ್ನು ಈ ಒಂದೊಂದು ಜಾಗದ ಹತ್ತಿರ ತಂತಿಯ ಮೇಲಿಡಿ. ಕಿವಿ ಮೋಸ ಹೋಗಬಹುದು, ಅದುರು ಬೆರಳಿಗೆ ಸಿಕ್ಕೇ ಸಿಗುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಒಂದೊಂದು ತಂತಿಯ ಮೇಲೂ ಸುಮಾರು 70ರಿಂದ 90 ಕೆಜಿ ಎಳೆತ ಇರುತ್ತದೆ.

2. ಪಿನ್ ಸದ್ದೋ ತಂತಿ ಸದ್ದೋ, ತೀರ್ಮಾನಿಸಿ.
ಮಧ್ಯ ಸಪ್ತಕದ ‘ಎ’ ತೆಗೆದುಕೊಳ್ಳಿ. ಗುರಿ 440 ಹರ್ಟ್ಸ್. ಪಿನ್ ನುಣುಪಾಗಿ ತಿರುಗುತ್ತಿದೆ, ಆದರೆ ಟ್ಯೂನಿಂಗ್ ಆ್ಯಪ್‌ನ ಮುಳ್ಳು 436ರಲ್ಲೇ ಕೂತಿದೆ. ಇನ್ನೂ ಸ್ವಲ್ಪ ತಿರುಗಿಸಿದಿರಿ. ‘ಕೀಚ್’! ಮುಳ್ಳು 441ಕ್ಕೆ ಹಾರಿತು. ತಪ್ಪು ತಂತಿಯದು: ಪಿನ್ ಕಡೆಯ ತುಂಡು ಬಿಗಿಯಾಯಿತು, ನುಡಿಯುವ ತುಂಡಿಗೆ ಆ ಬಿಗಿ ತಡವಾಗಿ ತಲುಪಿತು. ಪಿನ್ನೇ ಲಿವರ್‌ನಲ್ಲಿ ಜಗ್ಗಿ ಜಗ್ಗಿ ತಿರುಗುತ್ತಾ ಮರ ನರಳಿದಂತೆ ಕೇಳಿಸಿದರೆ ತಪ್ಪು ಪಿನ್‌ಬ್ಲಾಕ್ (ಪಿನ್ ಕೂತಿರುವ ಮರದ ಹಲಗೆ) ಕಡೆಯದು.

3. ಪಿನ್‌ಗೆ ಎಣ್ಣೆ ಹಾಕಬೇಡಿ. ಎಂದಿಗೂ.
ಡಬ್ಲ್ಯುಡಿ-40 ಅಂತೂ ಬ್ಯಾಗಿನಲ್ಲೇ ಬೇಡ. ಪಿನ್ ನಿಂತಿರುವುದು ಮರದ ಹಿಡಿತದಿಂದ. ಎಣ್ಣೆ ಇಳಿದರೆ ಆ ಹಿಡಿತವೇ ಹೋಯಿತು. ಟಾರ್ಚ್ ಬಿಟ್ಟು ನೋಡಿ: ಪಿನ್ ಕಬ್ಬಿಣದ ಫ್ರೇಮಿಗೆ ಉಜ್ಜುತ್ತಿದೆಯೇ? ಒಂದೆರಡಲ್ಲ, ಎಲ್ಲಾ ಪಿನ್‌ಗಳೂ ಜಗ್ಗುತ್ತಿದ್ದರೆ ತಂತಿ ಕಟ್ಟಿದವರನ್ನೇ ಕರೆಸಿ.

4. ಫೆಲ್ಟ್ ಮತ್ತು ಅಗ್ರಾಫ್‌ಗೆ ಹೆಚ್ಚು ಸಮಯ ಕೊಡಿ.
ತಂತಿ ಕಿರುಗುಟ್ಟುವುದು ಬಹುಮಟ್ಟಿಗೆ ಇಲ್ಲೇ. ಅಗ್ರಾಫ್ ಅಂದರೆ ತಂತಿ ತೂರಿಬರುವ ತೂತುಗಳಿರುವ ಪುಟ್ಟ ಹಿತ್ತಾಳೆ ತುಂಡು. ಪ್ಯಾರಿಸ್‌ನ ಸೆಬಾಸ್ಟಿಯನ್ ಎರಾರ್ 1808ರಲ್ಲಿ ಕೊಟ್ಟದ್ದು, ಇಂದಿಗೂ ಕೆಲಸ ಮಾಡುತ್ತಿದೆ. ಆದರೆ ತೂತಿನ ಅಂಚಿನಲ್ಲಿ ತರಿ ಎದ್ದಿದ್ದರೆ ತಂತಿ ಉಜ್ಜುತ್ತದೆ. ಶ್ರುತಿ ಏರಿಸುವ ಮುನ್ನ ಸ್ವಲ್ಪ ಇಳಿಸಿ, ಹಿಡಿತ ಸಡಿಲವಾಗುತ್ತದೆ. ಆಮೇಲೆ ನಿಧಾನವಾಗಿ ಏರಿಸಿ, ಕೀಯನ್ನು ಗಟ್ಟಿಯಾಗಿ ಬಾರಿಸಿ, ಎಳೆತ ಎರಡೂ ಕಡೆ ಸಮನಾಗಲಿ. ಆದರೂ ಸದ್ದು ನಿಲ್ಲದಿದ್ದರೆ ಪಿಯಾನೊಗೆಂದೇ ಮಾಡಿದ ಲೂಬ್ರಿಕಂಟನ್ನು ಸೂಜಿ ಬಾಟಲಿಯಿಂದ ಫೆಲ್ಟ್ ಮೇಲೆ ಒಂದೇ ಹನಿ ಬಿಡಿ. ಅಪ್‌ರೈಟ್‌ನಲ್ಲಿ ಫೆಲ್ಟ್ ಪಿನ್‌ಗಿಂತ ಕೆಳಗಿರುವುದರಿಂದ ಅಪಾಯ ಕಡಿಮೆ. ಗ್ರ್ಯಾಂಡ್‌ನಲ್ಲಿ ಎರಡೂ ಒಂದೇ ಮಟ್ಟದಲ್ಲಿರುತ್ತವೆ, ಹನಿ ಹರಿಯದಂತೆ ನೋಡಿಕೊಳ್ಳಿ.

5. ಸುತ್ತು ಎಣಿಸಿ.
ಪಿನ್ ಮೇಲೆ ಸುಮಾರು ಮೂರು ಸುತ್ತು, ನಡುವೆ ಸಂದಿ ಇಲ್ಲದೆ. ಸಂದಿ ಇದ್ದರೆ ಬಿಗಿಮಾಡುವಾಗ ಸುತ್ತು ಸರಿದು ‘ಟಿಕ್’ ಎನ್ನುತ್ತದೆ.

6. ಬ್ರಿಡ್ಜ್ ಮೇಲೆ ಸುತ್ತಿಗೆ ಬೇಡ.
ತಂತಿ ಬ್ರಿಡ್ಜ್ ಪಿನ್‌ಗೆ ತಾಗಿ ಕೂತಿದೆಯೇ ನೋಡಿ, ಇಲ್ಲದಿದ್ದರೆ ಮೆಲ್ಲಗೆ ಒತ್ತಿ ಕೂರಿಸಿ. ಹೊಡೆದರೆ ಮರದಲ್ಲಿ ಗುಳಿ ಬೀಳುತ್ತದೆ.

7. ಒಂದೇ ದಿನಕ್ಕೆ ಮುಗಿಸುವ ಆಸೆ ಬಿಡಿ.
ಸುಮಾರು 230 ತಂತಿ, ಒಟ್ಟು ಎಳೆತ 18ರಿಂದ 20 ಟನ್. ಹೊಸ ಉಕ್ಕು ಹಿಗ್ಗುತ್ತಲೇ ಇರುತ್ತದೆ. ಮೊದಲ ಸುತ್ತಿನಲ್ಲಿ ಎಲ್ಲವನ್ನೂ ಹತ್ತಿರಕ್ಕೆ ತನ್ನಿ, ಎರಡನೇ ಸುತ್ತಿನಲ್ಲಿ ತಿದ್ದಿ. ಮಳೆಗಾಲದಲ್ಲಿ ಸೌಂಡ್‌ಬೋರ್ಡ್ ತೇವ ಹೀರಿ ಉಬ್ಬಿ ಶ್ರುತಿ ಏರುತ್ತದೆ, ಅದಕ್ಕೂ ಸಿದ್ಧರಿರಿ. ಹೊಸ ತಂತಿ ಕಟ್ಟಿದ ಪಿಯಾನೊಗೆ ಮೊದಲ ವರ್ಷ ಕನಿಷ್ಠ ನಾಲ್ಕು ಬಾರಿ ಟ್ಯೂನಿಂಗ್ ಬೇಕು. ಆ ನಾಲ್ಕೂ ದಿನಾಂಕಗಳನ್ನು ಬರೆದು ಗ್ರಾಹಕರ ಕೈಗೆ ಕೊಟ್ಟೇ ಹೊರಡಿ.