ನುಸಿಗೆ ಬಗ್ಗದ ಜೇನು: ತಾಯಿ ಕುಟುಂಬ ಆರಿಸುವುದು ಹೇಗೆ?

ರೆಕ್ಕೆ ಮುದುಡಿದ ನೊಣಗಳು ಪೆಟ್ಟಿಗೆಯ ಬಾಗಿಲಲ್ಲಿ ತೆವಳುತ್ತಿದ್ದರೆ ವರೋವಾ ನುಸಿ ಮಿತಿಮೀರಿರುವ ಸೂಚನೆ. ಮೆಲ್ಲಿಫೆರಾ ಜೇನು ಸಾಕುವವರು ಆಗ ಔಷಧಿ ಇಡುತ್ತಾರೆ. ನುಸಿ ತಗ್ಗುತ್ತದೆ, ಕೆಲವು ತಿಂಗಳಲ್ಲಿ ಮರಳುತ್ತದೆ. ನಮ್ಮ ನಾಡಿನ ತುಡುವೆ ಜೇನಿಗೆ ಈ ಪಾಡಿಲ್ಲ. ವರೋವಾ ತುಡುವೆಯ ಗೂಡಿನಿಂದಲೇ ಮೆಲ್ಲಿಫೆರಾಕ್ಕೆ ದಾಟಿದ ನುಸಿ. ಅದರೊಂದಿಗೆ ಬಾಳಿ ಪಳಗಿದ ತುಡುವೆ, ಮೈಗೆ ಹತ್ತಿದ ನುಸಿಯನ್ನು ಉಜ್ಜಿ, ಕಚ್ಚಿ ಕೆಡವುತ್ತದೆ. ನುಸಿ ಹೊಕ್ಕ ಮರಿಯನ್ನು ಕೋಶದಿಂದ ಎಳೆದು ಹಾಕುತ್ತದೆ. ಮೆಲ್ಲಿಫೆರಾದಲ್ಲೂ ಅಲ್ಲೊಂದು ಇಲ್ಲೊಂದು ಕುಟುಂಬಕ್ಕೆ ಈ ಶುಚಿತನವಿದೆ. ಅದು ವಂಶದಿಂದ ಬರುವ ಗುಣವೆಂದು ಅಮೆರಿಕದ ವಾಲ್ಟರ್ ರೋಥೆನ್‌ಬುಲರ್ 1964ರಲ್ಲೇ ತೋರಿಸಿದ್ದರು. ಅಂಥ ಕುಟುಂಬ ನಿಮ್ಮ ಪೆಟ್ಟಿಗೆಗಳಲ್ಲೂ ಇರಬಹುದು.

ಮೊದಲು ನುಸಿ ಎಣಿಸಿ

ಸಂಸಾರ ಕೋಣೆಯ ಮರಿ ಇರುವ ಎರಿಯಿಂದ ಅರ್ಧ ಕಪ್, ಅಂದರೆ ಸುಮಾರು 300 ನೊಣಗಳನ್ನು ಬಾಟಲಿಗೆ ಉದುರಿಸಿ. ರಾಣಿ ಆ ಎರಿಯಲ್ಲಿಲ್ಲ ಎಂಬುದನ್ನು ಎರಡು ಸಲ ನೋಡಿಕೊಳ್ಳಿ. ಮುಚ್ಚಳಕ್ಕೆ ಜಾಲರಿ ಇರಲಿ. ಎರಡು ಚಮಚ ಸಕ್ಕರೆ ಪುಡಿ ಹಾಕಿ ಮೆಲ್ಲಗೆ ಉರುಳಿಸಿ, ಒಂದೆರಡು ನಿಮಿಷ ಬಿಟ್ಟು ಬಿಳಿ ತಟ್ಟೆಯ ಮೇಲೆ ಜಾಡಿಸಿ. ಬಿದ್ದ ನುಸಿಗಳನ್ನು ಮೂರರಿಂದ ಭಾಗಿಸಿದರೆ ನೂರು ನೊಣಕ್ಕೆ ಎಷ್ಟೆಂದು ಸಿಗುತ್ತದೆ. ನೊಣಗಳನ್ನು ಪೆಟ್ಟಿಗೆಗೇ ಮರಳಿಸಿ. ತಿಂಗಳಿಗೊಮ್ಮೆ ಎಣಿಸಿ ಬರೆದಿಡಿ. ಒಂದು ಎಣಿಕೆ ನಂಬಿ ರಾಣಿ ಆರಿಸಬೇಡಿ.

ಸೂಜಿ ಪರೀಕ್ಷೆ

ನುಸಿ ಕಡಿಮೆ ಇರುವ ಪೆಟ್ಟಿಗೆಗಳನ್ನು ಈಗ ಪರೀಕ್ಷಿಸಿ. ಮುಚ್ಚಿದ ಕೆಲಸಗಾರ ಮರಿಯ ಎರಿ ಬೇಕು. ಒಂದೆರಡು ಕೋಶ ಬಿಡಿಸಿ ನೋಡಿ: ಮೈ ಬೆಳ್ಳಗಿದ್ದು ಕಣ್ಣು ಗುಲಾಬಿಗೆ ತಿರುಗಿದ್ದರೆ ಹದ ಸರಿ. ನೂರು ಕೋಶಗಳನ್ನು ಗುರುತು ಮಾಡಿ, ತೆಳು ಸೂಜಿಯನ್ನು ಮುಚ್ಚಳದ ನಡುವಿನಿಂದ ಇಳಿಸಿ ಮರಿಯನ್ನು ಚುಚ್ಚಿ. ಎರಿಯನ್ನು ಅದೇ ಜಾಗಕ್ಕೆ ಇಟ್ಟು, ಸರಿಯಾಗಿ 24 ಗಂಟೆಗೆ ತೆರೆಯಿರಿ. ಸತ್ತ ಮರಿಗಳನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದು ಕೋಶ ಖಾಲಿ ಮಾಡಿದ ಕುಟುಂಬವೇ ನಿಮಗೆ ಬೇಕಾದದ್ದು. ಎಲ್ಲ ಪೆಟ್ಟಿಗೆಗಳಿಗೂ ಒಂದೇ ದಿನ ಮಾಡಿ. ನೊಣ ಕಡಿಮೆ ಇರುವ ಕುಟುಂಬ ಹೇಗೂ ನಿಧಾನ, ಅದನ್ನು ಬಲವಾದದ್ದರ ಜೊತೆ ಹೋಲಿಸುವುದು ಅನ್ಯಾಯ. ಎರಡನೇ ಸಲವೂ ಗೆದ್ದದ್ದನ್ನು ಮಾತ್ರ ಒಪ್ಪಿ. ತುಪ್ಪದ ತೂಕವೊಂದನ್ನೇ ನೋಡಿ ರಾಣಿ ಆರಿಸುವ ರೂಢಿ ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರಾಣಿ ಎಬ್ಬಿಸುವುದು

ಮಳೆ ಬಿಟ್ಟು ಹೂವು ತುಂಬಿದ ಕಾಲ ಒಳ್ಳೆಯದು. ಒಂದು ದಿನದೊಳಗಿನ ಮರಿಗಳನ್ನು ಮೇಣದ ಬಟ್ಟಲಿಗೆ ವರ್ಗಾಯಿಸಲು ಬಂದರೆ ಸರಿ. ಬಾರದಿದ್ದರೆ ಆಯ್ದ ಕುಟುಂಬದ ಮೊಟ್ಟೆ, ಎಳೆಮರಿ ಇರುವ ಎರಿಯನ್ನು ರಾಣಿ ತೆಗೆದ ಬಲವಾದ ಪೆಟ್ಟಿಗೆಗೆ ಕೊಡಿ, ರಾಣಿ ಕೋಶಗಳನ್ನು ನೊಣಗಳೇ ಕಟ್ಟುತ್ತವೆ. ಮೊಟ್ಟೆಯಿಟ್ಟ 16ನೇ ದಿನಕ್ಕೆ ರಾಣಿ ಹೊರಬರುತ್ತದೆ. ಮೊದಲು ಹೊರಬಂದದ್ದು ಉಳಿದವನ್ನು ಕೊಲ್ಲುವುದರಿಂದ, ಅದಕ್ಕೆ ಎರಡು ಮೂರು ದಿನ ಮುಂಚೆಯೇ ಕೋಶಗಳನ್ನು ರಾಣಿಯಿಲ್ಲದ ಪಾಲುಗಳಿಗೆ ಹಂಚಿ.

ಹೆಚ್ಚಿನವರು ಗಂಡುನೊಣವನ್ನು ಮರೆಯುತ್ತಾರೆ. ರಾಣಿ ಹಾರುತ್ತಲೇ ಹತ್ತಾರು ಗಂಡುಗಳೊಡನೆ ಕೂಡುತ್ತದೆ, ಮಕ್ಕಳ ಅರ್ಧ ಗುಣ ಅವುಗಳದ್ದು. ಗಂಡು ಬೆಳೆಯಲು 24 ದಿನ, ಬಲಿಯಲು ಮತ್ತೆರಡು ವಾರ ಬೇಕು. ಆದ್ದರಿಂದ ರಾಣಿ ಎಬ್ಬಿಸಲು ತೊಡಗುವ ಎರಡು ಮೂರು ವಾರ ಮೊದಲೇ ಇತರ ಒಳ್ಳೆಯ ಕುಟುಂಬಗಳಲ್ಲಿ ಗಂಡುಮರಿ ಬೆಳೆಯಲು ಬಿಡಿ. ನುಸಿ ಹೆಚ್ಚಿರುವ ಪೆಟ್ಟಿಗೆಗಳಲ್ಲಿ ಗಂಡುಮರಿಯ ಎರಿ ಕತ್ತರಿಸಿ ತೆಗೆಯಿರಿ. ನುಸಿಗೆ ಗಂಡುಮರಿಯೇ ಹೆಚ್ಚು ಇಷ್ಟ, ಅದೂ ಜೊತೆಗೇ ಹೋಗುತ್ತದೆ.

ಸೋತ ಕುಟುಂಬವನ್ನು ಸಾಯಲು ಬಿಡಬೇಡಿ. ಲೂಟಿಗೆ ಬಂದ ನೊಣಗಳು ಅದರ ನುಸಿಯನ್ನು ಊರಿಗೆಲ್ಲ ಹಂಚುತ್ತವೆ. ನುಸಿ ನೂರು ನೊಣಕ್ಕೆ ಮೂರು ದಾಟಿದರೆ ಔಷಧಿ ಕೊಟ್ಟು, ಆಮೇಲೆ ಹೊಸ ರಾಣಿ ಕೊಡಿ. ಎರಡು ತಿಂಗಳಲ್ಲಿ ಪೆಟ್ಟಿಗೆ ತುಂಬ ಹೊಸ ರಾಣಿಯ ಮಕ್ಕಳೇ ಇರುತ್ತಾರೆ. ಸೂಜಿ ಪರೀಕ್ಷೆ ಮತ್ತೆ ಮಾಡಿ.

ಉಳಿದ ರಾಣಿ ಕೋಶಗಳನ್ನು ನೆರೆಯ ಸಾಕಣೆದಾರರಿಗೆ ಕೊಡಿ. ನಿಮ್ಮ ಮುಂದಿನ ರಾಣಿ ಕೂಡುವುದು ಅವರ ಗಂಡುನೊಣಗಳೊಡನೆ.